ಸ್ನೈಫೆಲ್ಸ್‌ನೆಸ್: ಗಾಳಿ ನೋಡಿ ದಾರಿ ಹಿಡಿಯುವುದು

ಐಸ್‌ಲ್ಯಾಂಡಿನ ಪಶ್ಚಿಮ ಅಂಚಿನಲ್ಲಿ ಸುಮಾರು 90 ಕಿ.ಮೀ. ಕಡಲೊಳಗೆ ಚಾಚಿಕೊಂಡಿರುವ ಸ್ನೈಫೆಲ್ಸ್‌ನೆಸ್ ಪರ್ಯಾಯ ದ್ವೀಪವನ್ನು ರೇಕ್ಯಾವಿಕ್‌ನಿಂದ ಒಂದೇ ದಿನದಲ್ಲಿ ಸುತ್ತಿಸುವ ಬಸ್ಸುಗಳಿವೆ. ಹಾಗೆ ಹೋಗಿ ಎಂದು ನಾನು ಯಾರಿಗೂ ಹೇಳುವುದಿಲ್ಲ. ಹೋಗಿಬರಲು 450 ಕಿ.ಮೀ. ಆಸುಪಾಸು ಆಗುತ್ತದೆ. ದಿನದ ಬಹುಪಾಲು ಸೀಟಿನಲ್ಲೇ ಕಳೆದು, ಕಡಲ ಇಳಿತಕ್ಕೂ ಗಾಳಿಗೂ ಹೊಂದಿಕೊಳ್ಳಲು ಬಿಡುವೇ ಉಳಿಯುವುದಿಲ್ಲ. ದಕ್ಷಿಣ ತೀರದ ಆರ್ನರ್‌ಸ್ತಾಪಿಯಲ್ಲೋ ಉತ್ತರ ತೀರದ ಗ್ರುಂದರ್‌ಫ್ಯೋರ್ದುರ್‌ನಲ್ಲೋ ಒಂದು ರಾತ್ರಿ ತಂಗಿದರೆ ಎರಡು ದಿನದಲ್ಲಿ ನೆಮ್ಮದಿಯಾಗಿ ನೋಡಬಹುದು.

ಹೊರಡುವ ಹಿಂದಿನ ಸಂಜೆ ನಾನು ಐಸ್‌ಲ್ಯಾಂಡಿನ ಹವಾಮಾನ ಇಲಾಖೆಯ ಮುನ್ಸೂಚನೆಯಲ್ಲಿ ಮೊದಲು ನೋಡುವುದು ಮಳೆಯನ್ನಲ್ಲ, ಗಾಳಿಯ ದಿಕ್ಕನ್ನು. ಪರ್ಯಾಯ ದ್ವೀಪದ ಉದ್ದಕ್ಕೂ ಬೆನ್ನೆಲುಬಾಗಿ ಬೆಟ್ಟಸಾಲಿದೆ. ಉತ್ತರದ ಗಾಳಿ ಈ ಸಾಲನ್ನು ದಾಟಿ ದಕ್ಷಿಣ ತೀರದ ರಸ್ತೆಯ ಮೇಲೆ ಧುಮುಕುತ್ತದೆ. ಆಗ್ನೇಯದ ಗಾಳಿಯಾದರೆ ಹೊಡೆತ ಬೀಳುವುದು ಗ್ರುಂದರ್‌ಫ್ಯೋರ್ದುರ್ ಕಡೆಗೆ. ಬೆಟ್ಟದ ಮರೆ ಸಿಕ್ಕಿತು ಅಂದುಕೊಳ್ಳುವ ಜಾಗದಲ್ಲೇ ಅಪಾಯ ಹೆಚ್ಚು: ಎದುರು ತೀರದಲ್ಲಿ ಒಂದೇ ಸಮನೆ ಬೀಸುವ ಗಾಳಿ ಇಲ್ಲಿ ಬಿಟ್ಟು ಬಿಟ್ಟು, ತಟಕ್ಕನೆ ಬಂದು ಕಾರನ್ನು ಅಡ್ಡಕ್ಕೆ ತಳ್ಳುತ್ತದೆ. ಹಾಗಾಗಿ ಉತ್ತರದ ಗಾಳಿಯ ದಿನ ಉತ್ತರ ತೀರ, ದಕ್ಷಿಣದ ಗಾಳಿಯ ದಿನ ದಕ್ಷಿಣ ತೀರ ಇಟ್ಟುಕೊಳ್ಳುತ್ತೇನೆ. ಅಲ್ಲಿ ವೇಗ ಹೇಳುವುದು ಸೆಕೆಂಡಿಗೆ ಇಷ್ಟು ಮೀಟರ್ ಎಂದು, 3.6ರಿಂದ ಗುಣಿಸಿದರೆ ನಮ್ಮ ಗಂಟೆಯ ಲೆಕ್ಕ ಸಿಗುತ್ತದೆ. 15 ಅಂದರೆ ಗಂಟೆಗೆ 54 ಕಿ.ಮೀ., ಅಲ್ಲಿಂದಾಚೆ ಎಚ್ಚರ ಬೇಕು. 20 ದಾಟಿದರೆ ಎತ್ತರದ ವ್ಯಾನ್ ತೆಗೆಯಲೇಬಾರದು.

ಕಾರಿನ ಬಾಗಿಲಿನದು ಬೇರೆಯೇ ವಿಷಯ. ನಿಲ್ಲಿಸುವಾಗ ಮೂತಿ ಗಾಳಿಗೆ ಎದುರಾಗಿರಲಿ. ಒಂದು ಸಲಕ್ಕೆ ಒಂದೇ ಬಾಗಿಲು, ಅದೂ ಎರಡೂ ಕೈಯಲ್ಲಿ ಹಿಡಿದು ತೆರೆಯಬೇಕು. ಹಿಂದಿನಿಂದ ಗಾಳಿ ಬಂದರೆ ಬಾಗಿಲು ಕೈಯಿಂದ ಕಿತ್ತುಕೊಂಡು ಹೋಗಿ ಕೀಲು ಬಾಗುತ್ತದೆ, ಮುಂದಿನ ತಗಡು ನುಗ್ಗಾಗುತ್ತದೆ. ಬಾಡಿಗೆ ಕಾರಿನ ಸಾಮಾನ್ಯ ವಿಮೆಯಲ್ಲಿ ಈ ನಷ್ಟ ಹೆಚ್ಚಾಗಿ ಸೇರಿರುವುದಿಲ್ಲ. ಸಹಿ ಹಾಕುವ ಮುನ್ನ ಕೇಳಿಕೊಳ್ಳಿ. ಭಾರತದಿಂದ ಹೋಗುವವರು ಷೆಂಗೆನ್ ವೀಸಾ ಜತೆಗೆ ಆರ್‌ಟಿಒ ಕೊಡುವ ಅಂತಾರಾಷ್ಟ್ರೀಯ ಚಾಲನಾ ಪರವಾನಗಿಯನ್ನೂ ಇಟ್ಟುಕೊಂಡಿರಲಿ. ಪೆಟ್ರೋಲ್ ಬಂಕ್‌ಗಳಲ್ಲಿ ನಾವೇ ತುಂಬಿಸಿಕೊಳ್ಳಬೇಕು, ಪಿನ್ ಇರುವ ಕಾರ್ಡ್ ಬೇಕು. ದಾರಿಯಲ್ಲಿ ಸಿಗುವ ಬೋರ್ಗರ್‌ನೆಸ್ ಪಟ್ಟಣದಲ್ಲಿ ಟ್ಯಾಂಕ್ ತುಂಬಿಸಿ, ದಿನಸಿ ಕೊಂಡು 54ನೇ ರಸ್ತೆ ಹಿಡಿಯುತ್ತೇನೆ.

ದಕ್ಷಿಣ ತೀರದಲ್ಲಿ ಮೊದಲು ಗೆರ್ದುಬೆರ್ಗ್. ಸುಮಾರು ಅರ್ಧ ಕಿ.ಮೀ. ಉದ್ದಕ್ಕೆ ಸಾಲುಗಟ್ಟಿ ನಿಂತ ಬಸಾಲ್ಟ್ ಕಂಬಗಳು. ಲಾವಾ ನಿಧಾನವಾಗಿ ತಣಿದು ಕುಗ್ಗುವಾಗ ಸೀಳಿ ಆದವು. ಮಲ್ಪೆಯ ಸೇಂಟ್ ಮೇರಿಸ್ ದ್ವೀಪದ ಕಂಬಗಳೂ ಇದೇ ಕ್ರಮದಲ್ಲಿ ಆದವು, ಆದರೆ ಅವು ಕೋಟ್ಯಂತರ ವರ್ಷ ಹಳೆಯವು, ಅಲ್ಲಿನ ಶಿಲೆಯಲ್ಲಿ ಸಿಲಿಕಾ ಹೆಚ್ಚು. ಮುಂದಿನ ಇತ್ರಿ ತುಂಗಾ ಕಡಲತೀರದಲ್ಲಿ ಸೀಲ್‌ಗಳು ಬಂಡೆಯ ಮೇಲೆ ಮಲಗುವುದು ಇಳಿತದಲ್ಲಿ. ಉಬ್ಬರದ ಹೊತ್ತಿಗೆ ಹೋದರೆ ಬಂಡೆಗಳೇ ನೀರಿನಡಿ. 50 ಮೀಟರ್ ದೂರ ಬಿಡಿ.

ಆರ್ನರ್‌ಸ್ತಾಪಿಯಿಂದ ಹೆಲ್ನಾರ್‌ಗೆ ಕಡಲಂಚಿನ ಕಾಲುದಾರಿ 2.5 ಕಿ.ಮೀ. ಇಡೀ ಪ್ರವಾಸದಲ್ಲಿ ಒಂದನ್ನೇ ಆರಿಸು ಅಂದರೆ ನಾನು ಇದನ್ನೇ ಆರಿಸುತ್ತೇನೆ. ಕಾರಿನಲ್ಲಿ ಎರಡೂ ತುದಿ ಮುಟ್ಟಿದವರಿಗೆ ನಡುವಿನ ಲಾವಾ ಕಮಾನುಗಳು, ಬಿರುಕಿನಲ್ಲಿ ನುಗ್ಗಿ ಮೇಲೇಳುವ ನೀರು, ಗೋಡೆಯ ಸಣ್ಣ ಅಂಚುಗಳಲ್ಲಿ ಗೂಡು ಕಟ್ಟಿದ ಹಕ್ಕಿಗಳು ಕಾಣುವುದೇ ಇಲ್ಲ. ಜೂನ್–ಜುಲೈನಲ್ಲಿ ಆರ್ಕ್ಟಿಕ್ ಟರ್ನ್ ಹಕ್ಕಿಗಳು ಮರಿ ಕಾಯಲು ನೆತ್ತಿಗೇ ಎರಗುತ್ತವೆ. ಅವು ಕುಕ್ಕುವುದು ಅತಿ ಎತ್ತರದ ತುದಿಗೆ. ತಲೆಯ ಮೇಲೆ ಒಂದು ಕೋಲು ಎತ್ತಿ ಹಿಡಿದು ನಡೆದರೆ ಸಾಕು. ಬೀಸಬೇಡಿ. ಪಾಚಿಯ ಮೇಲೆ ಕಾಲಿಡಬೇಡಿ: ಲಾವಾದ ಮೇಲಿನ ಆ ಮೆತ್ತನೆ ಹಾಸು ಒಮ್ಮೆ ಕಿತ್ತರೆ ಮತ್ತೆ ಬೆಳೆಯಲು ದಶಕಗಳೇ ಬೇಕು.

ಮುಂದೆ 574ನೇ ರಸ್ತೆ 1,446 ಮೀಟರ್ ಎತ್ತರದ ಸ್ನೈಫೆಲ್ಸ್‌ಯೋಕುಲ್ ಅನ್ನು ಬಳಸಿ ಸಾಗುತ್ತದೆ. ಹಿಮನದಿ ಹೊದ್ದ ಈ ಜ್ವಾಲಾಮುಖಿ ಕೊನೆಯ ಸಲ ಸಿಡಿದದ್ದು ಸುಮಾರು 1,800 ವರ್ಷದ ಹಿಂದೆ. ಸುತ್ತಲಿನ ನೆಲ 2001ರಿಂದ ರಾಷ್ಟ್ರೀಯ ಉದ್ಯಾನ. ಹಿಮದಡಿ ಸೀಳುಗಳಿರುವುದರಿಂದ ಮಾರ್ಗದರ್ಶಿ ಇಲ್ಲದೆ ಮೇಲೆ ಹತ್ತಬಾರದು. ವಾತ್ನ್ಸ್‌ಹೆಲ್ಲಿರ್ ಲಾವಾ ಗುಹೆಗೂ ಮಾರ್ಗದರ್ಶಿಯೊಡನೆಯೇ ಪ್ರವೇಶ. ಮುಂಚೆಯೇ ಬುಕ್ ಮಾಡಿ, ಬೇಸಿಗೆಯಲ್ಲೂ ಬೆಚ್ಚನೆ ಬಟ್ಟೆ ಇರಲಿ.

ದ್ಯೂಪಾಲೋನ್‌ಸಂದುರ್ ಕಪ್ಪು ಉರುಟುಕಲ್ಲುಗಳ ತೀರ. ಇಲ್ಲಿ ನಾಲ್ಕು ಕಲ್ಲುಗಳಿವೆ: 154, 100, 54, 23 ಕಿಲೋ. ದೋಣಿ ಸೇರಬಯಸುವ ಮೀನುಗಾರರ ಕಸುವನ್ನು ಇವುಗಳಿಂದ ಅಳೆಯುತ್ತಿದ್ದರು. 54ರದ್ದನ್ನು ಎತ್ತಲಾಗದವನು ಕಡಲಿಗಲ್ಲ. ಉತ್ತರ ಕರ್ನಾಟಕದ ಊರುಗಳ ಸಂಗ್ರಾಣಿ ಕಲ್ಲು ಕಂಡವರಿಗೆ ಇದು ಥಟ್ಟನೆ ಅರ್ಥವಾದೀತು. ದಡದಲ್ಲಿ ಚೆದುರಿರುವ ತುಕ್ಕು ಕಬ್ಬಿಣ 1948ರಲ್ಲಿ ಒಡೆದ ಬ್ರಿಟಿಷ್ ಮೀನುಗಾರಿಕೆ ಹಡಗಿನದು. 14 ಮಂದಿ ಸತ್ತರು, ಆ ಚೂರುಗಳನ್ನು ಮುಟ್ಟದೆ ಬಿಡುವುದೇ ಗೌರವ. ಉರುಟುಕಲ್ಲು ಜೇಬಿಗಿಳಿಸುವುದೂ ನಿಷಿದ್ಧ. ನೀರಿಗೆ ಬೆನ್ನು ಹಾಕಬೇಡಿ. ಸಣ್ಣ ಅಲೆಗಳ ನಡುವೆ ದೊಡ್ಡದೊಂದು ಬಂದು ಕಾಲಡಿಯ ಕಲ್ಲುಗಳನ್ನೇ ಎಳೆದುಕೊಂಡು ಹಿಂದೆ ಸರಿಯುತ್ತದೆ, ನಿಂತವರು ಜತೆಗೇ ಜಾರುತ್ತಾರೆ.

ಉತ್ತರ ತೀರದಲ್ಲಿ ಎಲ್ಲರೂ ನಿಲ್ಲುವುದು ಕಿರ್ಕ್ಯುಫೆಲ್ ಬೆಟ್ಟಕ್ಕೆ, 463 ಮೀಟರ್. ಚಿತ್ರಕ್ಕೆ ಬೆಳಿಗ್ಗೆ ಬೇಗ ಹೋಗಿ, ಪಾರ್ಕಿಂಗ್ ದುಡ್ಡು ಕಟ್ಟಿ, ಜಲಪಾತದ ಪಕ್ಕದಿಂದ ತೆಗೆಯಿರಿ. ಹತ್ತುವ ಯೋಚನೆ ಬೇಡ, ಇಳಿಜಾರಿನಲ್ಲಿ ಜಾರಿ ಜೀವ ಹೋದದ್ದಿದೆ. ಮರಳುವಾಗ ಬೆರ್ಸೆರ್ಕ್ಯಹ್ರೌನ್ ಲಾವಾ ಬಯಲು ನೋಡಿ, 56ನೇ ರಸ್ತೆಯ ಕಣಿವೆ ದಾಟಿ ದಕ್ಷಿಣಕ್ಕೆ ಬರಬಹುದು. ದಾಟುವ ಮುಂಚೆ ರಸ್ತೆ ಬದಿಯ ಫಲಕದಲ್ಲಿ ಗಾಳಿಯ ಅಂಕಿ ಓದಿ. 20ರ ಮೇಲಿದ್ದರೆ ಉತ್ತರ ತೀರದ ಸ್ತಿಕ್ಕಿಸ್‌ಹೋಲ್ಮುರ್ ಪಟ್ಟಣದಲ್ಲೇ ಉಳಿದು, ಗಾಳಿ ಇಳಿದ ಮೇಲೆ ಹೊರಡಿ.