ಆರಿಸಿದರೂ ಆರದ ಕೆಂಡ: ನಮ್ಮ ಲ್ಯಾಬಿನ ಒಂದು ಪ್ರಯೋಗ

ಹಾಸನದ ಒಂದು ಎಂಜಿನಿಯರಿಂಗ್ ಕಾಲೇಜಿನಲ್ಲಿ ಹೀಟ್ ಟ್ರಾನ್ಸ್‌ಫರ್ ಪಾಠ ಮಾಡುತ್ತೇನೆ. ಎರಡು ವರ್ಷದ ಹಿಂದೆ ಕೈಗಾ ರಿಯಾಕ್ಟರ್ ಬಗ್ಗೆ ಹೇಳುತ್ತಿದ್ದಾಗ ಸಕಲೇಶಪುರದ ಕಡೆಯ ಹುಡುಗಿಯೊಬ್ಬಳು ಎದ್ದು ಕೇಳಿದಳು: "ಮೇಡಂ, ಫುಕುಶಿಮಾದಲ್ಲಿ ಭೂಕಂಪ ಆದ ಕೂಡಲೇ ರಿಯಾಕ್ಟರ್ ಆಫ್ ಆಗಿತ್ತಲ್ವಾ? ಮತ್ತೆ ಯಾಕೆ ಕರಗಿತು?"

"ನಿಮ್ಮನೆ ಬಚ್ಚಲ ಒಲೆಯಿಂದ ಸೌದೆ ಎಳೆದ ತಕ್ಷಣ ಹಂಡೆ ನೀರು ತಣ್ಣಗಾಗುತ್ತಾ?" ಅಂದೆ.

"ಇಲ್ಲ ಮೇಡಂ, ಕೆಂಡ ಇರುತ್ತೆ."

ರಿಯಾಕ್ಟರ್ ಆರಿಸಿದ ಮೇಲೆ ಒಳಗೆ ಉಳಿಯುವುದೂ ಕೆಂಡವೇ. ಆದರೆ ನೀರು ಹೊಯ್ದರೂ ಆರದ ಕೆಂಡ. ಯುರೇನಿಯಂ ಒಡೆದಾಗ ಹುಟ್ಟಿದ ಚೂರುಗಳು ವಿಕಿರಣ ಸೂಸುತ್ತಾ ತಾವಾಗಿಯೇ ಬಿಸಿ ಕೊಡುತ್ತಿರುತ್ತವೆ. ಅದನ್ನು ನಿಲ್ಲಿಸುವ ಸ್ವಿಚ್ ಯಾರ ಹತ್ತಿರವೂ ಇಲ್ಲ. ನೀರು ಆ ಬಿಸಿಯನ್ನು ಹೊತ್ತೊಯ್ಯಬಹುದು, ಅಷ್ಟೇ.

ಬೋರ್ಡಿನ ಮೇಲೆ ಲೆಕ್ಕ ಹಾಕಿದೆವು. 220 ಮೆಗಾವ್ಯಾಟ್ ವಿದ್ಯುತ್ ಕೊಡುವ ಕೈಗಾದ ಒಂದು ಘಟಕದಲ್ಲಿ ಹುಟ್ಟುವ ಶಾಖ ಸುಮಾರು 750 ಮೆಗಾವ್ಯಾಟ್. ನಿಲ್ಲಿಸಿದ ಕ್ಷಣದಲ್ಲಿ ಅದರ ಶೇ. 6ರಷ್ಟು ಉಳಿದಿರುತ್ತದೆ. ಒಂದು ಗಂಟೆಯ ಮೇಲೆ ಶೇ. 1ರ ಆಸುಪಾಸು. ಶೇ. 1 ಅಂದರೆ ಸಣ್ಣದಲ್ಲ. ಕುದಿಯುವ ನೀರನ್ನು ಗಂಟೆಗೆ 12,000 ಲೀಟರ್‌ನಂತೆ ಆವಿ ಮಾಡುವಷ್ಟು ಬಿಸಿ. ಬೇಸಿಗೆಯಲ್ಲಿ ನಮ್ಮ ಬಡಾವಣೆಗೆ ಬರುವ ದೊಡ್ಡ ಟ್ಯಾಂಕರ್ ಇದೆಯಲ್ಲ, ಅಂಥದ್ದು ಗಂಟೆಗೊಂದು ಬೇಕು. ಮಾರನೇ ದಿನವೂ ಎರಡು ಗಂಟೆಗೊಂದು.

ಉತ್ತರ ಪ್ರದೇಶದ ನರೋರಾ ಅಣುಸ್ಥಾವರದಲ್ಲಿ 1993ರ ಮಾರ್ಚ್ 31ರಂದು ಟರ್ಬೈನ್ ಕಟ್ಟಡಕ್ಕೆ ಬೆಂಕಿ ಬಿದ್ದು ಸುಮಾರು 17 ಗಂಟೆ ಕರೆಂಟೇ ಇರಲಿಲ್ಲ. ಅಲ್ಲಿನವರು ಬೆಂಕಿ ಆರಿಸುವ ಡೀಸೆಲ್ ಪಂಪಿನಿಂದ ರಿಯಾಕ್ಟರಿನ ಬಿಸಿಯಿಂದ ಆವಿ ಮಾಡುವ ಸ್ಟೀಮ್ ಜನರೇಟರ್‌ಗೆ ನೀರು ಹಾಯಿಸಿದರು. ಇಂಧನಕ್ಕೆ ಏಟು ಬೀಳಲಿಲ್ಲ. ಅಂಥ ರಾತ್ರಿಯಲ್ಲಿ ಪಂಪಿನ ಹತ್ತಿರ ನಿಂತವರನ್ನು ನೆನೆದರೆ ನನಗೆ ಈಗಲೂ ಮೈ ಜುಂ ಅನ್ನುತ್ತೆ.

ಲೆಕ್ಕ ಸಾಲದು, ಕಣ್ಣಿಗೆ ಕಾಣಬೇಕು ಅನಿಸಿತು. ಇಂಧನದ ಬದಲಿಗೆ ಇಡಲು ವರ್ಕ್‌ಶಾಪಿನ ಅಣ್ಣ ಒಂದು ಅಡಿ ಉದ್ದದ, 25 ಮಿಲಿಮೀಟರ್ ವ್ಯಾಸದ ಸ್ಟೀಲ್ ಕೊಳವೆ ಕತ್ತರಿಸಿ ಕೊಟ್ಟರು. ಒಳಗೆ ಹೀಟರ್, ಮೈಮೇಲೆ ಬಿಸಿ ಅಳೆಯುವ ನಾಲ್ಕು ಥರ್ಮೋಕಪಲ್ ತಂತಿಗಳು. ಕರೆಂಟ್ ಹೆಚ್ಚು ಕಡಿಮೆ ಮಾಡುವ ಡಿಮ್ಮರ್‌ಸ್ಟಾಟ್ ತಿರುಗಿಸಿ 150 ವ್ಯಾಟಿಗೆ ನಿಲ್ಲಿಸಿದೆವು. ಸುತ್ತ ನೀರಿದ್ದಾಗ ಕೊಳವೆ ಮುಟ್ಟುವಷ್ಟು ಬೆಚ್ಚಗಿತ್ತು. ನೀರು ಖಾಲಿ ಮಾಡಿದೆವು. ವ್ಯಾಟ್ ಅಷ್ಟೇ. ಅರ್ಧ ಗಂಟೆಯೊಳಗೆ 290 ಡಿಗ್ರಿ!

ಮೊದಲ ಸಲ ನಾಲ್ಕರಲ್ಲಿ ಒಂದು ಥರ್ಮೋಕಪಲ್ ಕೊಳವೆಯಿಂದ ಬಿಟ್ಟುಕೊಂಡು 180 ತೋರಿಸುತ್ತಿತ್ತು. ಹುಡುಗರು ನಾಲ್ಕನ್ನೂ ಸೇರಿಸಿ ಸರಾಸರಿ ಬರೆದುಬಿಟ್ಟರು. ಮೀಟರ್ ತೋರಿಸಿದ್ದನ್ನೆಲ್ಲ ನಂಬಬಾರದು ಅಂತ, ಅವತ್ತು ಪ್ರಯೋಗ ಅಲ್ಲಿಗೇ ನಿಲ್ಲಿಸಿ ಅಮೆರಿಕದ ತ್ರೀ ಮೈಲ್ ಐಲೆಂಡ್ ಅಣುಸ್ಥಾವರದ 1979ರ ಅಪಘಾತದ ಕತೆ ಹೇಳಿದೆ. ಅಲ್ಲಿನ ಕಂಟ್ರೋಲ್ ರೂಮಿನ ದೀಪ, ಒತ್ತಡ ಇಳಿಸುವ ವಾಲ್ವ್ ಮುಚ್ಚಲು ಆದೇಶ ಹೋಗಿದೆ ಅಂತ ಮಾತ್ರ ಹೇಳುತ್ತಿತ್ತು. ವಾಲ್ವ್ ತೆರೆದೇ ಇತ್ತು. ನೀರು ಹೋಗುತ್ತಲೇ ಇತ್ತು. ರಿಯಾಕ್ಟರಿನ ಇಂಧನದಲ್ಲಿ ಅರ್ಧದಷ್ಟು ಕರಗಿತು.

ನಮ್ಮ ಸ್ಟೀಲ್ ಕೊಳವೆ ಒಂದು ವಿಷಯದಲ್ಲಿ ದಾರಿ ತಪ್ಪಿಸುತ್ತದೆ. ಅದರ ಬಿಸಿ ಏರಿ ಏರಿ ಒಂದು ಕಡೆ ನಿಲ್ಲುತ್ತದೆ. ನಿಜವಾದ ಇಂಧನದ ಕವಚ ಜಿರ್ಕಲಾಯ್, ಅಂದರೆ ಜಿರ್ಕೋನಿಯಂನ ಮಿಶ್ರಲೋಹ. ಸುಮಾರು 800 ಡಿಗ್ರಿ ಹತ್ತಿರ ಅದು ಮೆತ್ತಗಾಗಿ, ಒಳಗಿನ ಅನಿಲದ ಒತ್ತಡಕ್ಕೆ ಉಬ್ಬಿ ಒಡೆಯಬಹುದು. 1,200 ದಾಟಿದರೆ ಆವಿಯ ಜೊತೆ ಜೋರಾಗಿ ಸೇರಿ ತಾನೇ ಬಿಸಿ ಹುಟ್ಟಿಸುತ್ತದೆ, ಜೊತೆಗೆ ಹೈಡ್ರೋಜನ್. ಫುಕುಶಿಮಾದಲ್ಲಿ ಕಟ್ಟಡಗಳ ಚಾವಣಿ ಹಾರಿಸಿದ್ದು ಈ ಹೈಡ್ರೋಜನ್ನೇ. ಯುರೇನಿಯಂ ಆಕ್ಸೈಡ್ ಕರಗಲು 2,800 ಡಿಗ್ರಿ ಬೇಕು ಅಂತ ಓದಿ ನಿರಾಳವಾಗುವ ಹುಡುಗರಿಗೆ ಇದನ್ನು ಒತ್ತಿ ಹೇಳುತ್ತೇನೆ. ಕವಚದೊಳಗಿನ ಯುರೇನಿಯಂ ಆಕ್ಸೈಡ್ ಮಾತ್ರೆ ಕರಗುವ ಎಷ್ಟೋ ಮೊದಲೇ ಕವಚ ಕೈಕೊಟ್ಟಿರುತ್ತದೆ.

ನನಗೆ ತುಂಬಾ ಇಷ್ಟವಾದದ್ದು ಎರಡನೇ ಪ್ರಯೋಗ. ಕೈಗಾದಂಥ ರಿಯಾಕ್ಟರಿನಲ್ಲಿ ಇಂಧನ ಇಡುವ 306 ಅಡ್ಡ ಕೊಳವೆಗಳಿವೆ. ಪ್ರತಿಯೊಂದರ ಸುತ್ತ ಇನ್ನೊಂದು ಕೊಳವೆ, ನಡುವೆ ಅನಿಲದ ಸಂದು, ಆಚೆಗೆ ತಣ್ಣನೆಯ ಭಾರಜಲ (ಭಾರವಾದ ಹೈಡ್ರೋಜನ್ ಇರುವ ನೀರು). ಒಳಗಿನ ಕೊಳವೆ ಕಾದು ಜೋತುಬಿದ್ದರೆ ಹೊರಗಿನದಕ್ಕೆ ತಾಗುತ್ತದೆ. ತಾಗಿದರೆ ಬಿಸಿ ಭಾರಜಲಕ್ಕೆ ಇಳಿಯುತ್ತದೆ. ಇದನ್ನು ಬಾಯಲ್ಲಿ ಹೇಳಿದಾಗ ಯಾರೂ ನಂಬಿರಲಿಲ್ಲ.

ಹಾಗಾಗಿ ನಮ್ಮ ಕೊಳವೆಯನ್ನು ದೊಡ್ಡ ಕೊಳವೆಯೊಳಗೆ ಇಟ್ಟು, ಅದನ್ನು ನೀರಿನ ತೊಟ್ಟಿಯಲ್ಲಿ ಮುಳುಗಿಸಿದೆವು. ಸಂದು ಇದ್ದಾಗ ಬಿಸಿ 300ರ ಹತ್ತಿರ ನಿಂತಿತು. ಆಮೇಲೆ ಹೀಟರ್ ಆರಿಸಿ, ತಣ್ಣಗಾದ ಮೇಲೆ ಎರಡೂ ಕೊಳವೆ ತಾಗಿದಂತಾಗಲಿ ಅಂತ ಸಂದಿನಲ್ಲಿ ತಾಮ್ರದ ಪಟ್ಟಿಗಳನ್ನು ಬಿಗಿಯಾಗಿ ತುರುಕಿ, ಮತ್ತೆ ಅದೇ 150 ವ್ಯಾಟ್ ಕೊಟ್ಟೆವು. ಈ ಸಲ 140 ದಾಟಲೇ ಇಲ್ಲ. ತೊಟ್ಟಿಯ ನೀರು ನಿಧಾನಕ್ಕೆ ಬೆಚ್ಚಗಾಗತೊಡಗಿತು. ಪ್ರಶ್ನೆ ಕೇಳಿದ ಹುಡುಗಿ ತೊಟ್ಟಿಯಲ್ಲಿ ಕೈಯಿಟ್ಟು, "ಮೇಡಂ, ಹಾಗಾದ್ರೆ ಈ ನೀರನ್ನ ಯಾರು ತಣ್ಣಗಿಡ್ತಾರೆ?" ಅಂದಳು.

ರಿಯಾಕ್ಟರಿನಲ್ಲಿ ಆ ಭಾರಜಲಕ್ಕೂ ಆಚೆ ಇನ್ನೊಂದು ನೀರಿನ ಕೋಣೆ ಇದೆ. ಈ ಸೆಮಿಸ್ಟರಿಗೆ ಅದನ್ನೂ ಸೇರಿಸಬೇಕು ಅಂತ ವರ್ಕ್‌ಶಾಪಿನ ಅಣ್ಣನ ಹತ್ತಿರ ಹಳೇ ಡ್ರಮ್ಮೊಂದನ್ನು ಕೊಯ್ಯಲು ಕೊಟ್ಟಿದ್ದೇನೆ.