ಐಸಿ ಹಿಡಿದವನನ್ನು ರೆಸಿಡೆನ್ಸಿಗೆ ಕಳುಹಿಸಿದ ನನ್ನ ಅನುಭವ

ಪಾಸ್‌ಪೋರ್ಟ್ ಇಲ್ಲದೆ ಐಸಿ (ಟಿಬೆಟನ್ ನಿರಾಶ್ರಿತರಿಗೆ ಭಾರತ ಸರ್ಕಾರ ಪ್ರಯಾಣಕ್ಕೆ ಕೊಡುವ ಗುರುತುಪತ್ರ) ಮಾತ್ರ ಇರುವವನನ್ನು ಯುರೋಪಿಗೆ ಯಾರು ಕರೆಸಿಕೊಳ್ಳುತ್ತಾರೆ ಎಂದು ಬೈಲಕುಪ್ಪೆಯ ಟಿಬೆಟನ್ ಕ್ಯಾಂಪಿನಲ್ಲೂ ಕುಶಾಲನಗರದ ನನ್ನ ಫೋಟೋ ಸ್ಟುಡಿಯೋದಲ್ಲೂ ನಕ್ಕವರು ಬಹಳ. ಥಂಕಾ (ಬಟ್ಟೆಯ ಮೇಲಿನ ಟಿಬೆಟಿನ ಬೌದ್ಧ ಚಿತ್ರ) ಬರೆಯುವ ನನ್ನ ಗೆಳೆಯ ಜರ್ಮನಿಯ ರೆಸಿಡೆನ್ಸಿ, ಅಂದರೆ ಕಲಾವಿದರನ್ನು ಕೆಲಕಾಲ ಇರಿಸಿಕೊಂಡು ಕೆಲಸ ಮಾಡಲು ಬಿಡುವ ಕಾರ್ಯಕ್ರಮ, ಮುಗಿಸಿ ಬಂದಿದ್ದಾನೆ. ಅರ್ಜಿ ಬರೆದವನು ನಾನೇ.

ದೇಶ ಬಿಟ್ಟ ಕಲಾವಿದರಿಗೆಂದು ಐಕಾರ್ನ್, ಆರ್ಟಿಸ್ಟ್ಸ್ ಅಟ್ ರಿಸ್ಕ್, ಮಾರ್ಟಿನ್ ರೋತ್ ಇನಿಷಿಯೇಟಿವ್‌ನಂಥ ನೆರವಿನ ಯೋಜನೆಗಳು ಇವೆ. ಅವು ಇರುವುದು ತಮ್ಮ ಕೆಲಸದ ಕಾರಣಕ್ಕೆ ಬೆದರಿಕೆಗೆ ಸಿಕ್ಕವರಿಗಾಗಿ. ಇವನು ಹುಟ್ಟಿದ್ದೇ ಕ್ಯಾಂಪಿನಲ್ಲಿ, ತೊಂಬತ್ತರ ದಶಕದಲ್ಲಿ. ಗಡಿ ದಾಟಿ ಬಂದವರು ಅಪ್ಪ ಅಮ್ಮ. ಬೆದರಿಕೆಯ ಪುರಾವೆ ಎಲ್ಲಿಂದ ತರುವುದು? 1987ರ ಜುಲೈಗೆ ಮೊದಲು ಇಲ್ಲಿ ಹುಟ್ಟಿದ್ದರೆ ಹುಟ್ಟಿನಿಂದಲೇ ಪೌರತ್ವವಿದೆ ಎಂದು ಭಾರತದ ಪಾಸ್‌ಪೋರ್ಟನ್ನೇ ಕೇಳಬಹುದಿತ್ತು. ಅದೂ ಇಲ್ಲ, ಹಾಗಾಗಿ ಕೈಯಲ್ಲಿದ್ದದ್ದು ಹಳದಿ ಹೊದಿಕೆಯ ಐಸಿ ಮಾತ್ರ, ಅದೂ ತಿಂಗಳುಗಟ್ಟಲೆ ಕಾದ ಮೇಲೆ.

ಆದ್ದರಿಂದ ಸಾಮಾನ್ಯ ಕಲಾವಿದರ ರೆಸಿಡೆನ್ಸಿಗಳಿಗೇ ಹಾಕತೊಡಗಿದೆ. ಆರು ತಿಂಗಳು, ಒಂದು ವರ್ಷ ಕೇಳಿದ ಅರ್ಜಿಗಳೆಲ್ಲ ಬಿದ್ದುಹೋದವು. ಕೊನೆಗೆ ಎಂಬತ್ತು ದಿನ ಕೇಳಿದೆ. 90 ದಿನದೊಳಗಾದರೆ ಯುರೋಪಿನ ಅಲ್ಪಾವಧಿಯ ಷೆಂಗೆನ್ ವೀಸಾ ಸಾಕು, ಕರೆಯುವವರಿಗೂ ತಲೆನೋವು ಕಡಿಮೆ. ಐಸಿ ಎಂದರೇನು, ಹಿಂದಿರುಗಲು ಭಾರತದ ಆಕ್ಷೇಪವಿಲ್ಲ ಎಂಬ ನಮೂದು ಯಾವ ಪುಟದಲ್ಲಿದೆ ಎಂಬುದನ್ನು ಅವರು ಕೇಳುವ ಮೊದಲೇ ಬರೆದು ಕಳುಹಿಸಿದೆ. ವಲಸೆಯ ಕಥೆಯನ್ನು ಎರಡು ಸಾಲಿಗೆ ಇಳಿಸಿದೆ. ಉಳಿದದ್ದೆಲ್ಲ ಕೆಲಸದ ಮಾತು: ಬಟ್ಟೆಗೆ ಸೀಮೆಸುಣ್ಣ ಮತ್ತು ತೊಗಲಿನ ಅಂಟು ಬಳಿದು ಕಲ್ಲಿನಿಂದ ಉಜ್ಜುವುದು, ಮೂರ್ತಿಯ ಅಳತೆಗೆರೆಗಳು, ಕಲ್ಲು ಅರೆದ ನೀಲಿ ಮತ್ತು ಹಸಿರು. ಥಂಕಾ ಎಂದರೆ ಹಳೆಯದರ ನಕಲು ಎಂದುಕೊಂಡವರಿಗೆ ಮುಗಿದ ಚಿತ್ರಕ್ಕಿಂತ ಅರ್ಧ ಆದದ್ದನ್ನು ತೋರಿಸಬೇಕು. ಅರ್ಜಿಯ ಮೊದಲ ಪ್ಯಾರಾ ಹೇಗಿತ್ತು ಎಂಬುದನ್ನು ಮಾತ್ರ ಹೇಳುವುದಿಲ್ಲ, ಇನ್ನೂ ಅದರಿಂದ ಕೆಲಸವಿದೆ.

ಫೋಟೋ ತೆಗೆಯುವುದರಲ್ಲೇ ವಾರಗಟ್ಟಲೆ ಹೋಯಿತು. ನೇರ ಬೆಳಕು ಬಿದ್ದರೆ ಚಿನ್ನದ ಗೆರೆ ಬಿಳಿ ಕಲೆಯಾಗುತ್ತದೆ. ದೀಪಕ್ಕೂ ಲೆನ್ಸಿಗೂ ಪೋಲರೈಸರ್ (ಹೊಳಪು ತಡೆಯುವ ಫಿಲ್ಟರ್) ಹಾಕಿದರೆ ಹೊಳಪೇ ಸತ್ತು ಅರಿಸಿನ ಬಳಿದಂತೆ ಕಾಣುತ್ತದೆ. ಕಿಟಕಿಯ ಪಕ್ಕದ ಬೆಳಕು, ಎದುರಿಗೆ ಕಪ್ಪು ಬಟ್ಟೆ, ಅಷ್ಟರಲ್ಲಿ ಸರಿಹೋಯಿತು. ಇದೇ ಉಪಾಯ ಈಗ ಮದುವೆಯ ಒಡವೆಗಳ ಫೋಟೋಗೂ ಒದಗುತ್ತಿದೆ.

ಖರ್ಚು? ವಿಮೆ, ವೀಸಾ ಶುಲ್ಕ, ಕೊರಿಯರ್, ಬೆಂಗಳೂರಿನ ಓಡಾಟ ಸೇರಿ ನಲವತ್ತು ಸಾವಿರದ ಆಸುಪಾಸು, ಎಲ್ಲ ನನ್ನ ಕೈಯಿಂದ. ವಿಮಾನದ ಟಿಕೆಟ್ ಕರೆದವರದು. ಅರ್ಜಿ ಹಾಕಲಿಕ್ಕೇ ಯೂರೋ ಕೇಳುವವರಿಗೂ ಮೊದಮೊದಲು ಕೊಟ್ಟೆವು, ಒಂದೂ ದಕ್ಕಲಿಲ್ಲ. ಈಗ ಅಂಥವನ್ನು ಓದುವುದೂ ಇಲ್ಲ. ಅಲ್ಲಿ ತಿಂಗಳಿಗೆ ಸಾವಿರ ಯೂರೋ ಚಿಲ್ಲರೆ ಸಿಗುತ್ತಿತ್ತು. ತಾನೇ ಅಡುಗೆ ಮಾಡಿಕೊಂಡು ಲಕ್ಷದ ಹತ್ತಿರ ಉಳಿಸಿದ, ನನ್ನ ಸಾಲ ಮೊದಲು ತೀರಿಸಿದ.

ಈಗ ಮುಂಡಗೋಡದ ಕ್ಯಾಂಪಿನಿಂದ ಇಬ್ಬರು ಫೋನ್ ಮಾಡಿದ್ದಾರೆ. ಐಸಿಯ ಅವಧಿ ಎಷ್ಟು ಉಳಿದಿದೆ ಎಂದು ಮೊದಲು ನೋಡಿ ಹೇಳಿ ಎಂದಿದ್ದೇನೆ. ಈ ಸಲ ಫೋಟೋಗೆ ಮುಂಗಡವನ್ನೂ ಕೇಳಿದ್ದೇನೆ.