ವೈಫೈ ಕ್ಯಾಮೆರಾದ ಚಿತ್ರ ಎಲ್ಲಿ ತಡೆಯುತ್ತಿದೆ ಎಂದು ಪತ್ತೆ ಹಚ್ಚುವುದು ಹೇಗೆ?

ಬೀದರಿನ ಚೌಬಾರದ ಆಸುಪಾಸಿನಲ್ಲಿ ಬಿದ್ರಿ ಸಾಮಾನುಗಳನ್ನು ಮಾರುವ ಪರಿಚಯದ ಅಂಗಡಿಯವರೊಬ್ಬರು ವೈಫೈ ಸೌಲಭ್ಯವಿರುವ ಕ್ಯಾಮೆರಾವೊಂದನ್ನು ಕೊಂಡರು. ಹೂದಾನಿಗಳ ಇಪ್ಪತ್ತು ಚಿತ್ರಗಳನ್ನು ತೆಗೆದು ದೂರದ ಗಿರಾಕಿಯೊಬ್ಬರಿಗೆ ಕಳುಹಿಸಲು ಕೂತರೆ ಅರ್ಧ ಗಂಟೆ ದಾಟಿದರೂ ಕೆಲಸ ಮುಗಿಯಲಿಲ್ಲ. ಅಂಗಡಿಗೆ 100 ಎಂಬಿಪಿಎಸ್ ವೇಗದ ಇಂಟರ್ನೆಟ್ ಸಂಪರ್ಕವಿತ್ತು. "ಇದಕ್ಕಿಂತ ದೊಡ್ಡ ಪ್ಲಾನ್ ಹಾಕಿಸ್ಬೇಕೇನ್ರಿ?" ಎಂದು ಅವರು ನನ್ನನ್ನು ಕೇಳಿದರು. ಹಾಕಿಸುವ ಮೊದಲು ಒಂದು ದಿನ ತಡೆಯಿರಿ, ಚಿತ್ರ ಎಲ್ಲಿ ನಿಲ್ಲುತ್ತಿದೆ ಎಂಬುದನ್ನು ನೋಡೋಣ ಎಂದೆ. ಇದೇ ಪ್ರಶ್ನೆಯನ್ನು ಕಲಬುರಗಿಯ ಸ್ಟುಡಿಯೋದವರಿಂದಲೂ, ಯಾದಗಿರಿಯಲ್ಲಿ ಮದುವೆ ಫೋಟೋ ತೆಗೆಯುವ ಹುಡುಗರಿಂದಲೂ ಕೇಳಿದ್ದೇನೆ; ಆದ್ದರಿಂದ ಅಂದು ನಾವು ಮಾಡಿದ ಪರೀಕ್ಷೆಯ ಕ್ರಮವನ್ನು ಇಲ್ಲಿ ಬಿಡಿಸಿ ಬರೆಯುತ್ತಿದ್ದೇನೆ.

ಮೊದಲು ತಿಳಿಯಬೇಕಾದದ್ದೆಂದರೆ, ಕ್ಯಾಮೆರಾದಿಂದ ಹೊರಟ ಚಿತ್ರ ಒಂದಲ್ಲ, ಎರಡು ಹಾದಿಗಳನ್ನು ದಾಟಬೇಕು. ಕ್ಯಾಮೆರಾದಿಂದ ನಿಮ್ಮ ಫೋನಿಗೋ ರೂಟರಿಗೋ ಹೋಗುವುದು ಮೊದಲ ಹಾದಿ. ಇದು ಪೂರ್ತಿ ನಿಮ್ಮ ಮನೆಯೊಳಗಿನ ವೈಫೈ, ಇದಕ್ಕೂ ನೀವು ತಿಂಗಳಿಗೆ ಹಣ ಕಟ್ಟುವ ಪ್ಲಾನಿಗೂ ಸಂಬಂಧವಿಲ್ಲ. ಅಲ್ಲಿಂದ ಊರಾಚೆಗೆ ಹೋಗುವುದು ಎರಡನೆಯ ಹಾದಿ. ಪ್ಲಾನಿನ ಮಾತು ಬರುವುದು ಇಲ್ಲಿ ಮಾತ್ರ. ಬೀದರಿನ ನೌಬಾದ್ ಕರೇಜ್ ನೋಡಿದವರಿಗೆ ಇದು ಸುಲಭವಾಗಿ ಮನಸ್ಸಿಗೆ ಹತ್ತುತ್ತದೆ: ಭೂಮಿಯೊಳಗಿನ ಆ ಸುರಂಗ ಮುಂದೆ ಎಷ್ಟೇ ಅಗಲವಾಗಿದ್ದರೂ, ನಡುವೆ ಎಲ್ಲೋ ಒಂದು ಕಡೆ ಹೂಳು ತುಂಬಿ ಕಿರಿದಾಗಿದ್ದರೆ, ಆ ಕಿರಿದಾದ ಜಾಗ ಬಿಟ್ಟುಕೊಟ್ಟಷ್ಟೇ ನೀರು ಕೊನೆಗೆ ಸಿಗುತ್ತದೆ. ಬ್ಯಾಂಡ್‌ವಿಡ್ತ್ ಎಂದರೆ ಹಾದಿಯ ಆ ಅಗಲ, ಅಂದರೆ ಒಂದು ಸೆಕೆಂಡಿನಲ್ಲಿ ಎಷ್ಟು ಮಾಹಿತಿ ಹಾದುಹೋಗಬಲ್ಲದು ಎಂಬ ಲೆಕ್ಕ.

ಈ ಲೆಕ್ಕದಲ್ಲಿ ಹೆಚ್ಚಿನವರು ಎಡವುವುದು ಬಿಟ್ ಮತ್ತು ಬೈಟ್‌ಗಳ ನಡುವೆ. ಇಂಟರ್ನೆಟ್ ವೇಗವನ್ನು ಸೆಕೆಂಡಿಗೆ ಇಷ್ಟೆಂದು ಮೆಗಾಬಿಟ್‌ಗಳಲ್ಲಿ ಹೇಳುತ್ತಾರೆ, ಎಂಬಿಪಿಎಸ್ ಎಂದರೆ ಅದೇ. ಚಿತ್ರದ ಗಾತ್ರವನ್ನು ಮಾತ್ರ ಮೆಗಾಬೈಟ್‌ಗಳಲ್ಲಿ, ಅಂದರೆ ಎಂಬಿಗಳಲ್ಲಿ, ತೋರಿಸುತ್ತಾರೆ. 8 ಬಿಟ್ ಸೇರಿದರೆ 1 ಬೈಟ್. ಹೀಗಾಗಿ 24 ಮೆಗಾಪಿಕ್ಸೆಲ್ ಕ್ಯಾಮೆರಾದ ಒಳ್ಳೆಯ ಗುಣಮಟ್ಟದ ಜೆಪೆಗ್ ಚಿತ್ರ ಸುಮಾರು 12 ಎಂಬಿ ಇದ್ದರೆ, ಅದನ್ನು ಸಾಗಿಸಲು 96 ಮೆಗಾಬಿಟ್ ದಾಟಬೇಕು. ಮದುವೆಯೊಂದರ 200 ಚಿತ್ರಗಳೆಂದರೆ 2,400 ಎಂಬಿ, ಅಂದರೆ 19,200 ಮೆಗಾಬಿಟ್. ಅಪ್‌ಲೋಡ್ ವೇಗ 20 ಎಂಬಿಪಿಎಸ್ ಇದ್ದರೆ ಇದಕ್ಕೆ 960 ಸೆಕೆಂಡು, ಅಂದರೆ 16 ನಿಮಿಷ ಸಾಕು. ಅದೇ 2 ಎಂಬಿಪಿಎಸ್ ಮಾತ್ರ ಸಿಗುತ್ತಿದ್ದರೆ 2 ಗಂಟೆ 40 ನಿಮಿಷ ಬೇಕು. ಕ್ಯಾಮೆರಾ ಸಂಸ್ಕರಿಸದೆ ಉಳಿಸುವ ರಾ ಫೈಲ್‌ಗಳನ್ನೇ ಕಳುಹಿಸುವುದಾದರೆ ಒಂದೊಂದೂ 25ರಿಂದ 30 ಎಂಬಿ ಇರುವುದರಿಂದ ಈ ಹೊತ್ತು ಎರಡು ಪಟ್ಟಿಗೂ ಹೆಚ್ಚಾಗುತ್ತದೆ. ಕಾಗದದ ಮೇಲಿನ ಈ ಲೆಕ್ಕಕ್ಕೆ ಕಾಲು ಭಾಗದಷ್ಟು ಹೊತ್ತನ್ನು ಸೇರಿಸಿಕೊಂಡೇ ಗಿರಾಕಿಗೆ ಮಾತು ಕೊಡುವುದು ನನ್ನ ರೂಢಿ.

ಮೇಲಿನ ಸಾಲುಗಳಲ್ಲಿ ನಾನು ಅಪ್‌ಲೋಡ್ ಎಂಬ ಮಾತನ್ನು ಬೇಕೆಂದೇ ಬಳಸಿದ್ದೇನೆ. ಸಿನಿಮಾ ನೋಡುವವನಿಗೆ ಡೌನ್‌ಲೋಡ್ ಮುಖ್ಯ. ಚಿತ್ರ ಕಳುಹಿಸುವವನಿಗೆ ಅಪ್‌ಲೋಡ್ ಮುಖ್ಯ. ಜಾಹೀರಾತಿನಲ್ಲಿ ದಪ್ಪಕ್ಷರದಲ್ಲಿ ಇರುವುದು ಸಾಮಾನ್ಯವಾಗಿ ಡೌನ್‌ಲೋಡ್ ವೇಗ. ಕೆಲವು ಫೈಬರ್ ಪ್ಲಾನ್‌ಗಳಲ್ಲಿ ಎರಡೂ ಸಮನಾಗಿರುತ್ತವೆ, ಇನ್ನು ಕೆಲವು ಸಂಪರ್ಕಗಳಲ್ಲಿ ಅಪ್‌ಲೋಡ್ ಡೌನ್‌ಲೋಡಿನ ಹತ್ತನೇ ಒಂದು ಭಾಗದಷ್ಟೇ ಇರಬಹುದು. ಸಂಪರ್ಕ ತೆಗೆದುಕೊಳ್ಳುವಾಗ "ಅಪ್‌ಲೋಡ್ ಎಷ್ಟು?" ಎಂದು ಕೇಳಿ, ಉತ್ತರವನ್ನು ಬರಹದಲ್ಲಿ ಪಡೆಯಿರಿ.

ಅಳೆಯುವ ಕ್ರಮ

ಎರಡೂ ಹಾದಿಗಳನ್ನು ಬೇರೆ ಬೇರೆಯಾಗಿ ಅಳೆಯಬೇಕು. ಎರಡನೆಯದನ್ನು ಅಳೆಯುವುದು ಸುಲಭ: ರೂಟರಿನ ಪಕ್ಕದಲ್ಲೇ ನಿಂತು ಫೋನಿನಲ್ಲಿ ಸ್ಪೀಡ್ ಟೆಸ್ಟ್ ಮಾಡಿ, ಡೌನ್‌ಲೋಡ್ ಮತ್ತು ಅಪ್‌ಲೋಡ್ ಎರಡನ್ನೂ ಬರೆದಿಟ್ಟುಕೊಳ್ಳಿ. ಫೋನಿನ ಮೊಬೈಲ್ ಡೇಟಾ ಆಗ ಬಂದ್ ಆಗಿರಲಿ, ಇಲ್ಲದಿದ್ದರೆ ಯಾವುದನ್ನು ಅಳೆದಿರಿ ಎಂಬುದೇ ತಿಳಿಯದು. ಬೆಳಿಗ್ಗೆ ಒಮ್ಮೆ, ಮಧ್ಯಾಹ್ನ ಒಮ್ಮೆ, ಓಣಿಯವರೆಲ್ಲ ಮನೆಯಲ್ಲಿರುವ ರಾತ್ರಿ ಒಂಬತ್ತರ ಹೊತ್ತಿಗೆ ಒಮ್ಮೆ ಅಳೆದರೆ ನಿಜವಾದ ಚಿತ್ರಣ ಸಿಗುತ್ತದೆ.

ಮೊದಲ ಹಾದಿಗೆ ಯಾವ ಆ್ಯಪ್ ಕೂಡ ಬೇಡ, ಗಡಿಯಾರ ಸಾಕು. ಕ್ಯಾಮೆರಾದಿಂದ ಫೋನಿಗೆ ಒಂದೇ ಒಂದು ಚಿತ್ರವನ್ನು ಪೂರ್ಣ ಗಾತ್ರದಲ್ಲಿ ಕಳುಹಿಸಿ, ಎಷ್ಟು ಸೆಕೆಂಡು ಹಿಡಿಯಿತೆಂದು ನೋಡಿ. ಎಂಬಿಯನ್ನು 8ರಿಂದ ಗುಣಿಸಿ ಸೆಕೆಂಡಿನಿಂದ ಭಾಗಿಸಿದರೆ ಆ ಹಾದಿಯ ವೇಗ ಬಂತು. 12 ಎಂಬಿಯ ಚಿತ್ರ 5 ಸೆಕೆಂಡಿನಲ್ಲಿ ಬಂದರೆ ಸುಮಾರು 19 ಎಂಬಿಪಿಎಸ್, 30 ಸೆಕೆಂಡು ಹಿಡಿದರೆ 3 ಎಂಬಿಪಿಎಸ್‌ಗಿಂತ ತುಸು ಹೆಚ್ಚು. ಇಲ್ಲೊಂದು ಎಚ್ಚರಿಕೆ ಅಗತ್ಯ: ಹಲವು ಕ್ಯಾಮೆರಾ ಆ್ಯಪ್‌ಗಳು ತಾವಾಗಿಯೇ ಚಿತ್ರವನ್ನು 2 ಮೆಗಾಪಿಕ್ಸೆಲ್‌ಗೆ ಕುಗ್ಗಿಸಿ ತರುತ್ತವೆ. ಬಂದ ಫೈಲಿನ ಗಾತ್ರ ಒಂದು ಎಂಬಿಯ ಆಸುಪಾಸಿನಲ್ಲಿದ್ದರೆ, ವೇಗ ಚೆನ್ನಾಗಿದೆ ಎಂದು ಸಂತೋಷಪಡುವ ಮುನ್ನ ಸೆಟ್ಟಿಂಗ್ಸ್ ತೆರೆದು ಮೂಲ ಗಾತ್ರವನ್ನು ಆಯ್ದುಕೊಳ್ಳಿ.

ಬೀದರಿನ ಅಂಗಡಿಯಲ್ಲಿ ಮೊದಲ ಹಾದಿ ಸರಿಯಾಗಿಯೇ ಇತ್ತು. ಎರಡನೆಯದರಲ್ಲಿ ಡೌನ್‌ಲೋಡ್ 90 ದಾಟಿದ್ದರೂ ಅಪ್‌ಲೋಡ್ 1 ಎಂಬಿಪಿಎಸ್ ಅಷ್ಟೇ ತೋರಿಸಿತು. ಅವರ ಪ್ಲಾನಿನಲ್ಲಿ ಅಪ್‌ಲೋಡ್ 10 ಇರಬೇಕಿತ್ತು. ಉಳಿದದ್ದನ್ನು ತಿನ್ನುತ್ತಿದ್ದುದು ಯಾವುದೆಂದು ಹುಡುಕುತ್ತಾ ಹೋದಾಗ ಕಣ್ಣಿಗೆ ಬಿದ್ದದ್ದು ಅಂಗಡಿಯ ನಾಲ್ಕು ಸಿಸಿಟಿವಿಗಳು. ಅವು ಹಗಲಿರುಳೂ ದೃಶ್ಯಗಳನ್ನು ಕ್ಲೌಡ್‌ಗೆ ಕಳುಹಿಸುತ್ತಿದ್ದವು. ಒಂದೊಂದಕ್ಕೆ 2 ಎಂಬಿಪಿಎಸ್ ಎಂದರೂ 8 ಅಲ್ಲಿಗೇ ಹೋಯಿತು. ಜೊತೆಗೆ ಮಗನ ಫೋನು ತನ್ನ ವಿಡಿಯೋಗಳನ್ನು ಬ್ಯಾಕಪ್ ಮಾಡುತ್ತಿತ್ತು. ಸಿಸಿಟಿವಿ ದೃಶ್ಯಗಳು ಅಂಗಡಿಯ ರೆಕಾರ್ಡರ್‌ನಲ್ಲೇ ಉಳಿಯುವಂತೆಯೂ, ಚಲನೆ ಕಂಡಾಗ ಮಾತ್ರ ಕ್ಲೌಡ್‌ಗೆ ಹೋಗುವಂತೆಯೂ, ಫೋನಿನ ಬ್ಯಾಕಪ್ ರಾತ್ರಿ ನಡೆಯುವಂತೆಯೂ ಬದಲಿಸಿದೆವು. ಅದೇ ಇಪ್ಪತ್ತು ಚಿತ್ರಗಳು ನಾಲ್ಕು ನಿಮಿಷದೊಳಗೆ ಹೋದವು, ಪ್ಲಾನಿಗೆ ಒಂದು ರೂಪಾಯಿಯನ್ನೂ ಹೆಚ್ಚು ಕಟ್ಟಲಿಲ್ಲ. ಅಪ್‌ಲೋಡ್ ಹಾದಿ ಹೀಗೆ ತುಂಬಿಹೋದಾಗ ಡೌನ್‌ಲೋಡ್ ಕೂಡ ತಡವರಿಸುತ್ತದೆ, ಏಕೆಂದರೆ ಬಂದ ಮಾಹಿತಿ ತಲುಪಿತೆಂದು ತಿಳಿಸುವ ಸಣ್ಣ ಸಣ್ಣ ಉತ್ತರಗಳೂ ಅದೇ ಹಾದಿಯಲ್ಲಿ ಹೋಗಬೇಕು. ಮನೆಯವರು "ನೆಟ್ ಸ್ಲೋ ಆಗ್ಯಾದ" ಎನ್ನುವ ಹೊತ್ತಿಗೆ ನೀವು ಚಿತ್ರ ಕಳುಹಿಸುತ್ತಿದ್ದಿರಾ ಎಂಬುದನ್ನು ಗಮನಿಸಿ.

ಮೊದಲ ಹಾದಿ ನಿಧಾನವಾಗಿದ್ದರೆ

ಬಹಳಷ್ಟು ಕ್ಯಾಮೆರಾಗಳ ವೈಫೈ 2.4 ಗಿಗಾಹರ್ಟ್ಸ್ ಪಟ್ಟಿಯಲ್ಲಿ, ಅಂದರೆ ಆ ಅಲೆಗಳ ಬ್ಯಾಂಡಿನಲ್ಲಿ, ಮಾತ್ರ ಕೆಲಸ ಮಾಡುತ್ತದೆ. ಮೇಲ್ದರ್ಜೆಯವುಗಳಲ್ಲಿ 5 ಗಿಗಾಹರ್ಟ್ಸ್ ಕೂಡ ಇರುತ್ತದೆ. 5 ಗಿಗಾಹರ್ಟ್ಸ್ ವೇಗವಾದದ್ದು, ಆದರೆ ಗೋಡೆ ದಾಟುವುದರಲ್ಲಿ ಹಿಂದೆ. 2.4 ದೂರ ಹೋಗುತ್ತದೆ, ಆದರೆ ಅಕ್ಕಪಕ್ಕದ ಮನೆಗಳ ರೂಟರ್‌ಗಳು, ಬ್ಲೂಟೂತ್ ಸಾಧನಗಳು, ಮೈಕ್ರೋವೇವ್ ಒಲೆ ಎಲ್ಲವೂ ಅದೇ ಪಟ್ಟಿಯಲ್ಲಿ ಕಿಕ್ಕಿರಿದಿರುತ್ತವೆ. ಈ ಪಟ್ಟಿಯಲ್ಲಿ ಒಂದರ ಮೇಲೊಂದು ಬೀಳದಂತಿರುವ ಚಾನೆಲ್‌ಗಳು 1, 6 ಮತ್ತು 11; ರೂಟರಿನ ಸೆಟ್ಟಿಂಗ್ಸ್‌ನಲ್ಲಿ ಇವುಗಳ ಪೈಕಿ ಖಾಲಿಯಾಗಿರುವುದನ್ನು ಆಯ್ದು, ಚಾನೆಲಿನ ಅಗಲವನ್ನು 20 ಮೆಗಾಹರ್ಟ್ಸ್‌ಗೆ ಇಟ್ಟರೆ ಒತ್ತೊತ್ತಾಗಿ ಮನೆಗಳಿರುವ ಓಣಿಗಳಲ್ಲಿ ವ್ಯತ್ಯಾಸ ಎದ್ದು ಕಾಣುತ್ತದೆ.

ನಮ್ಮ ಭಾಗದ ಹಳೆಯ ಮನೆಗಳ ವಿಷಯವನ್ನು ಬೇರೆಯಾಗಿಯೇ ಹೇಳಬೇಕು. ಬಿಸಿಲಿಗೆ ಒಳಗೆ ತಂಪಿರಲೆಂದು ಕಟ್ಟಿದ ದಪ್ಪ ಕಲ್ಲಿನ ಗೋಡೆಗಳು ವೈಫೈ ಅಲೆಗಳನ್ನೂ ತಡೆಯುತ್ತವೆ. ಕಲಬುರಗಿಯ ಸ್ಟುಡಿಯೋವೊಂದರಲ್ಲಿ ರೂಟರನ್ನು ಹೊರಗಿನ ಕೋಣೆಯ ಕಬ್ಬಿಣದ ಅಲ್ಮೆರಾದ ಮೇಲಿಟ್ಟಿದ್ದರು. ಚಿತ್ರ ತೆಗೆಯುತ್ತಿದ್ದುದು ಗೋಡೆಯಾಚೆಯ ಒಳಕೋಣೆಯಲ್ಲಿ. ಒಂದು ಚಿತ್ರಕ್ಕೆ ಅರ್ಧ ನಿಮಿಷ ಹಿಡಿಯುತ್ತಿತ್ತು. ಲ್ಯಾನ್ ಕೇಬಲ್ ಎಳೆದು ರೂಟರನ್ನು ಒಳಕೋಣೆಯ ಬಾಗಿಲ ಮೇಲಿನ ಹಲಗೆಗೆ ತಂದದ್ದೇ ತಡ, ಆರು ಸೆಕೆಂಡಿಗೆ ಇಳಿಯಿತು. ರೂಟರ್ ಎತ್ತರದಲ್ಲಿರಲಿ, ಲೋಹದಿಂದ ದೂರವಿರಲಿ, ಕ್ಯಾಮೆರಾ ಮತ್ತು ಅದರ ನಡುವೆ ಗೋಡೆಯ ಬದಲು ಬಾಗಿಲು ಇರಲಿ.

ಕ್ಯಾಮೆರಾವನ್ನು ಯಾವ ರೀತಿಯಲ್ಲಿ ಜೋಡಿಸಿದ್ದೀರಿ ಎಂಬುದೂ ಅಷ್ಟೇ ಮುಖ್ಯ. ಸಾಮಾನ್ಯವಾಗಿ ಕ್ಯಾಮೆರಾ ತನ್ನದೇ ವೈಫೈ ಜಾಲವನ್ನು ಹುಟ್ಟಿಸಿ ಫೋನನ್ನು ಅದಕ್ಕೆ ಸೇರಿಸಿಕೊಳ್ಳುತ್ತದೆ. ಆ ಜಾಲದಲ್ಲಿ ಇಂಟರ್ನೆಟ್ ಇರುವುದಿಲ್ಲವಾದ್ದರಿಂದ ಫೋನು ಎಚ್ಚರಿಕೆ ಕೊಟ್ಟು, ಕೆಲವೊಮ್ಮೆ ಕೇಳದೆಯೇ ಮನೆಯ ವೈಫೈಗೆ ಮರಳಿಬಿಡುತ್ತದೆ. ಚಿತ್ರಗಳ ಸಾಗಣೆ ನಡುವೆಯೇ ಕಡಿಯುವುದಕ್ಕೆ ಹೆಚ್ಚಾಗಿ ಇದೇ ಕಾರಣ. ಇಂಟರ್ನೆಟ್ ಇಲ್ಲದಿದ್ದರೂ ಸಂಪರ್ಕ ಉಳಿಸಿಕೊಳ್ಳುವಂತೆ ಫೋನಿಗೆ ಹೇಳಿ. ಎರಡನೆಯ ರೀತಿಯಲ್ಲಿ ಕ್ಯಾಮೆರಾ ಮನೆಯ ರೂಟರಿಗೇ ಸೇರಿಕೊಂಡು ಲ್ಯಾಪ್‌ಟಾಪಿಗೆ ಚಿತ್ರ ಕಳುಹಿಸುತ್ತದೆ. ಲ್ಯಾಪ್‌ಟಾಪ್ ಕೂಡ ಅದೇ ಪಟ್ಟಿಯ ವೈಫೈನಲ್ಲಿದ್ದರೆ ಪ್ರತಿ ಚಿತ್ರವೂ ಒಂದೇ ಗಾಳಿಯಲ್ಲಿ ಎರಡು ಸಲ ಹಾರಬೇಕಾಗುತ್ತದೆ, ಕ್ಯಾಮೆರಾದಿಂದ ರೂಟರಿಗೆ ಒಮ್ಮೆ, ರೂಟರಿನಿಂದ ಲ್ಯಾಪ್‌ಟಾಪಿಗೆ ಇನ್ನೊಮ್ಮೆ. ವೇಗ ಅರ್ಧಕ್ಕೆ ಬೀಳುತ್ತದೆ. ಲ್ಯಾಪ್‌ಟಾಪನ್ನು ಕೇಬಲಿನಿಂದ ರೂಟರಿಗೆ ಜೋಡಿಸಿದರೆ ಈ ನಷ್ಟ ತಪ್ಪುತ್ತದೆ.

ಹೊರಗೆ ಹೋದಾಗ ಫೋನಿನ ಹಾಟ್‌ಸ್ಪಾಟಿಗೆ ಕ್ಯಾಮೆರಾವನ್ನು ಸೇರಿಸುವವರು, ಕ್ಯಾಮೆರಾಗೆ ಹಾಟ್‌ಸ್ಪಾಟ್ ಕಾಣಿಸುತ್ತಲೇ ಇಲ್ಲ ಎಂದು ದೂರುವುದುಂಟು. ಹಾಟ್‌ಸ್ಪಾಟ್ 5 ಗಿಗಾಹರ್ಟ್ಸ್‌ನಲ್ಲಿದ್ದು ಕ್ಯಾಮೆರಾ 2.4 ಮಾತ್ರ ಬಲ್ಲದ್ದಾದರೆ ಹೀಗಾಗುತ್ತದೆ. ಆಂಡ್ರಾಯ್ಡ್ ಫೋನುಗಳ ಹಾಟ್‌ಸ್ಪಾಟ್ ಸೆಟ್ಟಿಂಗ್ಸ್‌ನಲ್ಲಿ ಪಟ್ಟಿಯನ್ನು ಬದಲಿಸಬಹುದು. ಐಫೋನ್ 12 ಮತ್ತು ಅದರ ನಂತರದವುಗಳಲ್ಲಿ 'ಮ್ಯಾಕ್ಸಿಮೈಸ್ ಕಂಪ್ಯಾಟಿಬಿಲಿಟಿ' ಎಂಬ ಆಯ್ಕೆಯನ್ನು ಆನ್ ಮಾಡಬೇಕು. ಹಳೆಯ ಕ್ಯಾಮೆರಾ ಹೊಸ ರೂಟರಿಗೆ ಸೇರದಿದ್ದರೆ, ರೂಟರಿನ ಭದ್ರತೆ ಡಬ್ಲ್ಯುಪಿಎ3 ಎಂಬ ಹೊಸ ಬಗೆಗೆ ಮಾತ್ರ ಸೀಮಿತವಾಗಿದೆಯೇ ನೋಡಿ, ಹಳೆಯ ಡಬ್ಲ್ಯುಪಿಎ2 ಕೂಡ ಒಪ್ಪುವಂತೆ ಮಾಡಿ. ಲಾಡ್ಜುಗಳ ವೈಫೈನಲ್ಲಿ ಬ್ರೌಸರ್ ತೆರೆದು ಲಾಗಿನ್ ಆಗಬೇಕಿರುತ್ತದೆ. ಹೆಚ್ಚಿನ ಕ್ಯಾಮೆರಾಗಳಲ್ಲಿ ಬ್ರೌಸರ್ ಇಲ್ಲದಿರುವುದರಿಂದ ಅಲ್ಲಿ ಪ್ರಯತ್ನಿಸುವುದೇ ಬೇಡ.

ಶರಣಬಸವೇಶ್ವರ ಜಾತ್ರೆಯಂಥ ಜನಸಾಗರದಲ್ಲಿ ಈ ಯಾವ ಉಪಾಯವೂ ಹೆಚ್ಚು ನಡೆಯುವುದಿಲ್ಲ. ಸಾವಿರಾರು ಫೋನುಗಳು ಒಂದೇ ಟವರನ್ನು ಹಂಚಿಕೊಂಡಿರುತ್ತವೆ, ಜನರ ಮೈಯೇ ವೈಫೈ ಅಲೆಗಳನ್ನು ಹೀರುತ್ತದೆ. ಅಲ್ಲಿ ತುರ್ತಾಗಿ ಬೇಕಾದ ನಾಲ್ಕೈದು ಚಿತ್ರಗಳನ್ನು 2 ಮೆಗಾಪಿಕ್ಸೆಲ್‌ಗೆ ಕುಗ್ಗಿಸಿ ಕಳುಹಿಸಿ, ಉಳಿದವನ್ನು ಮನೆಗೆ ಬಂದು ಕಾರ್ಡ್ ರೀಡರ್ ಮೂಲಕ ಇಳಿಸಿಕೊಳ್ಳಿ. ನೂರಾರು ಚಿತ್ರಗಳಿಗೆ ಕಾರ್ಡ್ ರೀಡರೇ ಸರಿ ಎಂಬುದು ನನ್ನ ದೃಢವಾದ ಅಭಿಪ್ರಾಯ. ವೈಫೈ ಕ್ಯಾಮೆರಾದ ಬ್ಯಾಟರಿಯನ್ನು ಬೇಗ ಬರಿದು ಮಾಡುತ್ತದೆ, ಮೇ ತಿಂಗಳ ನಮ್ಮ ಬಿಸಿಲಿನಲ್ಲಿ ಕ್ಯಾಮೆರಾವನ್ನೂ ಫೋನನ್ನೂ ಕಾಯಿಸುತ್ತದೆ, ಕಾದ ಫೋನು ತನ್ನ ವೇಗವನ್ನು ತಾನೇ ತಗ್ಗಿಸಿಕೊಳ್ಳುತ್ತದೆ.

ಕಳುಹಿಸುವ ಬಗೆ

ಮತ್ತೆ ಆ ಬಿದ್ರಿ ಹೂದಾನಿಗೆ ಬರುತ್ತೇನೆ. ಸತು ಮತ್ತು ತಾಮ್ರದ ಮಿಶ್ರಲೋಹವನ್ನು ಬೀದರ್ ಕೋಟೆಯ ಮಣ್ಣಿನ ಸಂಸ್ಕಾರದಿಂದ ಕಪ್ಪಾಗಿಸಿ, ಆ ಕಪ್ಪಿನ ನಡುವೆ ಕೂದಲೆಳೆಯಷ್ಟು ತೆಳುವಾದ ಬೆಳ್ಳಿಯ ಎಳೆ ಬೆಳಗುವಂತೆ ಮಾಡಿರುತ್ತಾರೆ. ಅದನ್ನು ವಾಟ್ಸಾಪಿನಲ್ಲಿ ಸಾಧಾರಣ ಫೋಟೋವಾಗಿ ಕಳುಹಿಸಿದಾಗ ಆ್ಯಪು ಚಿತ್ರವನ್ನು ಹಿಂಡಿ ಕಿರಿದು ಮಾಡುತ್ತದೆ. ಬೆಳ್ಳಿಯ ಎಳೆಗಳ ಅಂಚು ಮಸುಕಾಗಿ, ಕಪ್ಪು ನೆಲದಲ್ಲಿ ಚೌಕ ಚೌಕದ ಕಲೆಗಳು ಮೂಡುತ್ತವೆ. ಕುಶಲಕರ್ಮಿಯ ವಾರಗಟ್ಟಲೆಯ ದುಡಿಮೆ ಗಿರಾಕಿಯ ಕಣ್ಣಿಗೆ ಅಗ್ಗದ ಅಚ್ಚಿನ ಕೆಲಸದಂತೆ ಕಂಡರೆ ನನಗೆ ನಿಜಕ್ಕೂ ಸಂಕಟವಾಗುತ್ತದೆ. ಅದೇ ಚಿತ್ರವನ್ನು ಡಾಕ್ಯುಮೆಂಟ್ ಆಗಿ ಲಗತ್ತಿಸಿದರೆ ಇದ್ದದ್ದು ಇದ್ದಂತೆ ತಲುಪುತ್ತದೆ. ಗೂಗಲ್ ಫೋಟೋಸ್ ಬಳಸುವವರು ಮೂಲ ಗುಣಮಟ್ಟವನ್ನು ಆಯ್ದುಕೊಳ್ಳಬೇಕು. 2021ರ ಜೂನ್ 1ರಿಂದ ಅಲ್ಲಿ ಸೇರುವ ಚಿತ್ರಗಳೆಲ್ಲ ಉಚಿತ 15 ಜಿಬಿಯ ಲೆಕ್ಕಕ್ಕೆ ಬರುತ್ತವೆ ಎಂಬುದು ನೆನಪಿರಲಿ. ಪ್ಲಾನಿನಲ್ಲಿ ಎಫ್‌ಯುಪಿ ಮಿತಿ, ಅಂದರೆ ಇಂತಿಷ್ಟೇ ಡೇಟಾ ಪೂರ್ಣ ವೇಗದಲ್ಲಿ ಎಂಬ ಕಟ್ಟುಪಾಡು, ಇದ್ದರೆ ಅಪ್‌ಲೋಡ್ ಕೂಡ ಅದರಲ್ಲಿ ಎಣಿಕೆಯಾಗಬಹುದು, ಮಿತಿ ಮುಗಿದ ಮೇಲೆ ವೇಗ ಕುಸಿಯುತ್ತದೆ.

ಕರೆಂಟ್ ಹೋದಾಗ ಅಪ್‌ಲೋಡ್ ನಡುವೆ ನಿಲ್ಲದಿರಲು ರೂಟರ್ ಜೊತೆಗೆ ಫೈಬರ್ ಪೆಟ್ಟಿಗೆಯನ್ನೂ ಇನ್ವರ್ಟರಿನ ಪ್ಲಗ್ಗಿಗೆ ಹಾಕಿ. ರೂಟರ್ ಒಂದಕ್ಕೇ ಕೊಟ್ಟರೆ ವೈಫೈ ಇರುತ್ತದೆ, ಇಂಟರ್ನೆಟ್ ಇರುವುದಿಲ್ಲ. ಎಲ್ಲ ಹೋಯಿತೆಂದು ಆ್ಯಪ್ ಹೇಳಿದ ಮೇಲೂ ಬೇರೊಂದು ಫೋನಿನಿಂದ ಆ ಲಿಂಕನ್ನು ತೆರೆದು ಚಿತ್ರಗಳ ಸಂಖ್ಯೆಯನ್ನು ಎಣಿಸಿ, ಮೊದಲನೆಯದನ್ನೂ ಕೊನೆಯದನ್ನೂ ಪೂರ್ತಿ ಹಿಗ್ಗಿಸಿ ನೋಡಿ. ಅವು ಸ್ಪಷ್ಟವಾಗಿವೆ ಎಂದಾದ ಬಳಿಕವೇ ಕ್ಯಾಮೆರಾದ ಕಾರ್ಡನ್ನು ಫಾರ್ಮ್ಯಾಟ್ ಮಾಡಿ.